ಎಣ್ಣೆ, ನೊರೆ, ನೆರಳು: ಗಂಡಸರ ಮೈಯಾರೈಕೆಯ ಹಳೆಯ ಕ್ರಮ

ಹೊನ್ನಾವರದಿಂದ ಭಟ್ಕಳದತ್ತ ಸಾಗುವ ಹೆದ್ದಾರಿಯಲ್ಲಿ ಸಿಗುವ ಊರು ಮಂಕಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟದ ಕಾಡು, ನಡುವೆ ತೆಂಗು, ಅಡಿಕೆ, ಗದ್ದೆ. ಇಂಥ ಊರುಗಳ ಅಂಗಡಿಗಳಲ್ಲಿಯೂ ಈಗ ‘ಗಂಡಸರಿಗಾಗಿಯೇ’ ಎಂದು ಬರೆದ ಫೇಸ್‌ವಾಶ್, ಕ್ರೀಮುಗಳ ಚೀಟುಗಳು ಮಾಲೆಯಂತೆ ತೂಗಾಡುತ್ತವೆ. ಕೊಳ್ಳುವ ಹುಡುಗರಿಗೆ ತುಸು ಸಂಕೋಚ, ನೋಡುವ ಹಿರಿಯರಿಗೆ ತುಸು ನಗೆ. ಗಂಡಸಾದವನಿಗೆ ಮುಖದ ಚಿಂತೆ ಏಕೆ, ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಎಂಬ ಮಾತು ಕರಾವಳಿಯ ಯಾವ ಊರಿನಲ್ಲಾದರೂ ಕೇಳಸಿಗುತ್ತದೆ.

ಇತಿಹಾಸವನ್ನು ಕೇಳಿದರೆ ಅದು ಹಿರಿಯರ ಪಕ್ಷ ವಹಿಸುವುದಿಲ್ಲ. ನಮ್ಮಲ್ಲಿ ಗಂಡಸಿನ ಮೈಯಾರೈಕೆ ದಿನಚರಿಯ ಭಾಗವಾಗಿತ್ತು, ಅದಕ್ಕೆ ವಾರ, ತಿಥಿ, ಕ್ರಮ ಎಲ್ಲವೂ ಇದ್ದವು. ಅದು ಹೆಂಗಸರ ವಿಷಯ ಎಂಬ ಎಣಿಕೆಯೇ ಹೊಸದು. ಈ ಎಣಿಕೆಯಿಂದ ಆಗಿರುವ ತೊಂದರೆ ಸಣ್ಣದಲ್ಲ. ಅದಕ್ಕೆ ಆಮೇಲೆ ಬರೋಣ.

ಕ್ರಿ.ಶ. 3ನೆಯ ಶತಮಾನದ ಸುಮಾರಿನದೆಂದು ಹೇಳಲಾಗುವ ವಾತ್ಸ್ಯಾಯನನ ಕಾಮಸೂತ್ರದಲ್ಲಿ ‘ನಾಗರಕ’ನ, ಅಂದರೆ ಪಟ್ಟಣವಾಸಿ ಗೃಹಸ್ಥನ, ದಿನಚರಿ ಬರುತ್ತದೆ. ಪುಸ್ತಕದ ಹೆಸರು ಕೇಳಿ ಓದುಗರು ಗಾಬರಿಯಾಗಬೇಕಿಲ್ಲ. ಈ ಭಾಗವನ್ನು ಮನೆಯವರೆಲ್ಲರ ಎದುರು ಓದಬಹುದು. ಅವನು ಬೆಳಿಗ್ಗೆ ಎದ್ದು ಹಲ್ಲುಜ್ಜಿ, ಹಿತಮಿತವಾಗಿ ಗಂಧ ಲೇಪಿಸಿಕೊಂಡು, ತುಟಿಗೆ ಅರಗಿನ ಬಣ್ಣವನ್ನೂ ಮೇಣವನ್ನೂ ಹಚ್ಚಿ, ಕನ್ನಡಿ ನೋಡಿಕೊಂಡು, ತಾಂಬೂಲ ಮೆದ್ದು ಕೆಲಸಕ್ಕೆ ಹೊರಡುತ್ತಾನೆ. ಸ್ನಾನ ಪ್ರತಿದಿನ. ಮೈ ತಿಕ್ಕಿಸಿಕೊಳ್ಳುವುದು ಎರಡು ದಿನಕ್ಕೊಮ್ಮೆ. ‘ಫೇನಕ’, ಅಂದರೆ ನೊರೆ ಬರುವ ವಸ್ತು, ಮೂರು ದಿನಕ್ಕೊಮ್ಮೆ. ಕ್ಷೌರ ನಾಲ್ಕು ದಿನಕ್ಕೊಮ್ಮೆ. ಕಂಕುಳ ಬೆವರನ್ನು ಮಾತ್ರ ಆಗಾಗ ಒರೆಸಿಕೊಳ್ಳುತ್ತಲೇ ಇರಬೇಕು.

ಇಲ್ಲಿ ಗಮನಿಸಬೇಕಾದದ್ದು ತುಟಿಯ ಬಣ್ಣವನ್ನಲ್ಲ, ಅಂತರಗಳನ್ನು. ನೀರು ದಿನಾ ಬೇಕು, ಆದರೆ ನೊರೆಯೂ ಕತ್ತಿಯೂ ದಿನಾ ಬೇಡ ಎಂಬುದು ಆ ಕ್ರಮದ ತಿರುಳು. ಇಂದಿನ ಗಂಡಸು ಮಾಡುವುದು ಇದಕ್ಕೆ ವಿರುದ್ಧ. ಬೆಳಿಗ್ಗೆ ಸೋಪು, ಅದರ ಮೇಲೆ ಶೇವಿಂಗ್ ಕ್ರೀಮಿನ ನೊರೆ, ಬ್ಲೇಡು, ಉರಿಯುವ ಲೋಷನ್ನು, ಸಂಜೆ ಮತ್ತೆ ಸೋಪು. ಚರ್ಮದ ಮೇಲ್ಪದರ ಸ್ವಲ್ಪ ಆಮ್ಲಗುಣದ್ದು. ಸಾಂಪ್ರದಾಯಿಕ ಸೋಪು ಕ್ಷಾರ. ಅದು ಕೊಳೆಯ ಜೊತೆಗೆ ಚರ್ಮ ತಾನೇ ಒಸರಿಸಿಕೊಂಡ ಜಿಡ್ಡನ್ನೂ ಎತ್ತಿಕೊಂಡು ಹೋಗುತ್ತದೆ. ತೊಳೆದ ಮೇಲೆ ಮುಖ ಬಿಗಿದಂತಾಗುವುದನ್ನು ನಾವು ‘ಸ್ವಚ್ಛವಾಯಿತು’ ಎಂದುಕೊಳ್ಳುತ್ತೇವೆ. ನಿಜಕ್ಕೂ ಆಗಿರುವುದು ಒಣಗುವಿಕೆ.

ನಾಗರಕನಿಗೆ ಆಳುಕಾಳುಗಳಿದ್ದರು, ಅವನಿಗೆ ಪುರುಸೊತ್ತಿತ್ತು ಎನ್ನಬಹುದು. ನಿಜ. ನಮ್ಮ ಹಳೆಯ ಗ್ರಂಥಗಳಲ್ಲಿ ಸ್ನಾನದ ವಿವರ ಹೆಚ್ಚಾಗಿ ಸಿಗುವುದೂ ಅರಮನೆಯ ಬಚ್ಚಲಿನದೇ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಸ್ನಾನಭೋಗಕ್ಕೂ ವಿಲೇಪನಭೋಗಕ್ಕೂ ಬೇರೆ ಬೇರೆ ಅಧ್ಯಾಯಗಳಿವೆ. ಹೂವಿನ ಪರಿಮಳ ಹಿಡಿಸಿದ ಎಳ್ಳೆಣ್ಣೆಯಿಂದ ಅಭ್ಯಂಜನ, ಜಿಡ್ಡು ತೆಗೆಯಲು ಚೂರ್ಣ, ಸ್ನಾನದ ನಂತರ ಋತುವಿಗೆ ತಕ್ಕ ಲೇಪನ ಎಂಬ ಕ್ರಮ ಅಲ್ಲಿದೆ. ಅದಕ್ಕೂ ಒಂದು ಶತಮಾನ ಮೊದಲು, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ ಕನ್ನಡದಲ್ಲಿಯೇ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆ, ಗಿಡಮರಗಳ ಆರೈಕೆ, ನೀರು ಹುಡುಕುವ ವಿದ್ಯೆಗಳ ಸಾಲಿನಲ್ಲಿ ಪರಿಮಳದ್ರವ್ಯಗಳ ತಯಾರಿಕೆಗೂ ಒಂದು ಅಧ್ಯಾಯ ಮೀಸಲಾಗಿದೆ. ಹೆಸರೇ ಹೇಳುವಂತೆ ಅದು ಲೋಕಕ್ಕೆ ಉಪಕಾರವಾಗಲೆಂದು ಬರೆದದ್ದು.

ಇದೆಲ್ಲ ಸುಖಿಗಳ ಶೋಕಿ ಎಂದು ಇನ್ನೂ ಅನುಮಾನಿಸುವವರು ಕೃಷ್ಣದೇವರಾಯನನ್ನು ನೆನೆಯಬೇಕು. ಅವನಿಗಿಂತ ಗಟ್ಟಿ ಗಂಡಸಿನ ಉದಾಹರಣೆ ಸಿಗುವುದು ಕಷ್ಟ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಅರಸನ ಬೆಳಗಿನ ಕ್ರಮವನ್ನು ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮುನ್ನವೇ ಅರಸ ಎದ್ದು ಸುಮಾರು ಮುಕ್ಕಾಲು ಪೈಂಟ್ ಎಳ್ಳೆಣ್ಣೆ ಕುಡಿಯುತ್ತಿದ್ದ. ಮೈಗೆಲ್ಲ ಅದೇ ಎಣ್ಣೆ ಬಳಿದುಕೊಂಡು, ಸೊಂಟಕ್ಕೊಂದು ತುಂಡುಬಟ್ಟೆ ಸುತ್ತಿ, ಮಣ್ಣಿನ ಭಾರಗಳನ್ನು ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ ಮಾಡುತ್ತಿದ್ದ. ಆಮೇಲೆ ಕುಸ್ತಿ, ಕುದುರೆ ಸವಾರಿ, ಕೊನೆಗೆ ಮೀಯುವುದು. (ಎಣ್ಣೆ ಕುಡಿಯುವ ಭಾಗವನ್ನು ಓದುಗರು ಅನುಸರಿಸಬೇಕಾಗಿಲ್ಲ.)

ಪಾಯೆಸನಿಗಿಂತ ಸ್ವಲ್ಪ ಮೊದಲು ಬರೆದ ದುವಾರ್ತೆ ಬಾರ್ಬೋಸ ಆ ರಾಜ್ಯದ ಗಂಡಸರು ಮಿಂದ ಮೇಲೆ ಶ್ರೀಗಂಧ, ಅಗರು, ಕರ್ಪೂರ, ಕಸ್ತೂರಿ, ಕೇಸರಿಗಳನ್ನು ಪನ್ನೀರಿನಲ್ಲಿ ಅರೆದು ಮೈಗೆ ಹಚ್ಚಿಕೊಳ್ಳುತ್ತಿದ್ದರೆಂದು ಹೇಳುತ್ತಾನೆ. ಅಂದಿನ ವಿಜಯನಗರಕ್ಕೆ ಕಡಲ ಸರಕು ತಲುಪಿಸುತ್ತಿದ್ದ ದೊಡ್ಡ ಬಂದರುಗಳಲ್ಲಿ ಒಂದು ನಮ್ಮ ಭಟ್ಕಳ. ಅರಬೀ ಕುದುರೆಗಳು ಇಳಿಯುತ್ತಿದ್ದದ್ದು ಇಲ್ಲಿ, ಘಟ್ಟ ಹತ್ತುವ ಹೇರೆತ್ತುಗಳ ಸಾಲು ಹೊರಡುತ್ತಿದ್ದದ್ದು ಇಲ್ಲಿಂದ. ಭಟ್ಕಳ, ಮುರುಡೇಶ್ವರ, ಮಂಕಿಗಳ ನವಾಯತರ ಮನೆಗಳಲ್ಲಿ ಅತ್ತರಿಗೆ ಇಂದಿಗೂ ಇರುವ ಮನ್ನಣೆ, ಕೊಲ್ಲಿ ದೇಶಗಳಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ತಪ್ಪದೆ ಇರುವ ಸುಗಂಧದ ಸೀಸೆ, ಇವನ್ನು ನೋಡಿದವರಿಗೆ ಬಾರ್ಬೋಸನ ಮಾತು ಅಪರಿಚಿತ ಎನಿಸದು.

ಸಾಮಾನ್ಯನ ಬಚ್ಚಲಿನಲ್ಲಿ ಕಸ್ತೂರಿ ಇರಲಿಲ್ಲ. ಅಲ್ಲಿದ್ದದ್ದು ಹಂಡೆಯ ಬಿಸಿನೀರು, ತೆಂಗಿನೆಣ್ಣೆ, ಸೀಗೆ ಅಥವಾ ಅಂಟುವಾಳದ ಕಾಯಿ, ಕಡಲೆಹಿಟ್ಟು, ದಾಸವಾಳದ ಸೊಪ್ಪಿನ ಲೋಳೆ. ಅನೇಕ ಮನೆಗಳಲ್ಲಿ ಶನಿವಾರ ಗಂಡಸರ ಎಣ್ಣೆಸ್ನಾನದ ದಿನವಾಗಿತ್ತು. ನರಕ ಚತುರ್ದಶಿಯ ನಸುಕಿನಲ್ಲಂತೂ ಅದರಿಂದ ಯಾರಿಗೂ ವಿನಾಯಿತಿ ಇರಲಿಲ್ಲ. ಹಿಮ್ಮಡಿ ಒಡೆದರೆ, ತುಟಿ ಸೀಳಿದರೆ ಮುರುಗಲ ತುಪ್ಪ. ಮುರುಗಲ ಹಣ್ಣಿನ ಸಿಪ್ಪೆ ಸಾರಿಗೆ, ಪಾನಕಕ್ಕೆ ಹೋದ ಮೇಲೆ ಉಳಿಯುವ ಬೀಜವನ್ನು ಜಜ್ಜಿ ಕುದಿಸಿ ತೆಗೆಯುವ ಈ ಕೊಬ್ಬು ಮನೆಯೊಳಗಿನ ತಾಪದಲ್ಲಿ ಗಟ್ಟಿಯಾಗಿರುತ್ತದೆ, ಮೈಯ ಬಿಸಿಗೆ ಮೆತ್ತಗಾಗುತ್ತದೆ. ಇದೇ ಗುಣಕ್ಕಾಗಿ ಅದನ್ನು ಇಂದು ದೊಡ್ಡ ಕಂಪನಿಗಳೂ ಕ್ರೀಮುಗಳಿಗೆ ಬೆರೆಸುತ್ತವೆ. ಬಿಸಿಲಿಗೆ ಅಡಿಕೆ ಹಾಳೆಯ ಟೊಪ್ಪಿ. ಅದು ತಲೆಯನ್ನೂ ಹಣೆಯನ್ನೂ ಕಾಯುತ್ತಿತ್ತು, ಕಾಸಿನ ಖರ್ಚಿರಲಿಲ್ಲ.

ಎಣ್ಣೆಯ ವಿಷಯದಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಹಳೆಯ ಕ್ರಮದಲ್ಲಿ ಎಣ್ಣೆ ಹಚ್ಚುತ್ತಿದ್ದದ್ದು ಸ್ನಾನಕ್ಕೆ ಮೊದಲು, ಸ್ನಾನದಲ್ಲಿ ಅದನ್ನು ಹಿಟ್ಟಿನಿಂದಲೋ ಸೀಗೆಯಿಂದಲೋ ತೆಗೆದುಬಿಡುತ್ತಿದ್ದರು. ಚರ್ಮದಲ್ಲಿ ತೆಳುವಾದ ಪಸೆ ಮಾತ್ರ ಉಳಿಯುತ್ತಿತ್ತು. ಇಂದು ಹಲವರು ಮಿಂದು ಬಂದ ಮೇಲೆ ಮುಖಕ್ಕೂ ಕುತ್ತಿಗೆಗೂ ತೆಂಗಿನೆಣ್ಣೆ ಸವರಿ ಹಾಗೆಯೇ ಬಿಡುತ್ತಾರೆ. ಸೆಕೆಯ ಕರಾವಳಿಯಲ್ಲಿ ಇದು ಒಳ್ಳೆಯದಲ್ಲ. ಸಿಬ್ಬನ್ನೂ ತಲೆಹೊಟ್ಟನ್ನೂ ತರುವ ಸೂಕ್ಷ್ಮ ಶಿಲೀಂಧ್ರ ಬದುಕುವುದೇ ಜಿಡ್ಡನ್ನು ತಿಂದು. ಮೊಡವೆಯ ಮುಖಕ್ಕೆ ತೆಂಗಿನೆಣ್ಣೆ ಮೊಡವೆಯನ್ನು ಹೆಚ್ಚಿಸಲೂಬಹುದು. ಸಂಪ್ರದಾಯವನ್ನು ಅರ್ಧ ಉಳಿಸಿಕೊಂಡರೆ ಆಗುವ ಫಜೀತಿ ಇದು.

ಗಂಡಸು ಮುಖದ ಕೆಲಸಕ್ಕೆ ದಿನಾ ಗಂಟೆಗಟ್ಟಲೆ ಕೂತರೂ ಯಾರೂ ನಗದ ಒಂದು ಜಾಗ ನಮ್ಮಲ್ಲಿದೆ. ಅದು ಯಕ್ಷಗಾನದ ಚೌಕಿ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಗುಣವಂತೆ ಮಂಕಿಗೆ ನೆರೆಯ ಊರು. ವೇಷಧಾರಿ ಮೊದಲು ಮುಖಕ್ಕೆ ತೆಂಗಿನೆಣ್ಣೆ ಸವರುತ್ತಾನೆ, ಅದರ ಮೇಲೆ ಬಣ್ಣ. ಹಿಂದೆ ಆ ಬಣ್ಣ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ. ಅರದಾಳದಲ್ಲಿರುವುದು ಪಾಷಾಣ, ಇಂಗಳೀಕದಲ್ಲಿರುವುದು ಪಾದರಸ. ಇವೆರಡನ್ನೂ ರಾತ್ರಿಯಿಡೀ ಮುಖದ ಮೇಲೆ ಹೊತ್ತು ಕುಣಿದವರು ಬೆಳಗಾದೊಡನೆ ಬಣ್ಣವನ್ನು ತೆಗೆಯುತ್ತಿದ್ದದ್ದೂ ತೆಂಗಿನೆಣ್ಣೆಯಿಂದಲೇ. ಜಿಡ್ಡಿನ ಬಣ್ಣವನ್ನು ಜಿಡ್ಡೇ ಕರಗಿಸುತ್ತದೆ, ಒಣ ಉಜ್ಜುವಿಕೆ ಚರ್ಮವನ್ನು ಕೀಳುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಇದೇ ಉಪಾಯವನ್ನು ಇತ್ತೀಚೆಗೆ ವಿದೇಶದ ಕಂಪನಿಗಳು ಹೊಸ ಶೋಧವೆಂಬಂತೆ ಸೀಸೆಯಲ್ಲಿ ತುಂಬಿ ಮಾರುತ್ತಿವೆ. ಬಣ್ಣಕ್ಕೆ ಬೆರೆಸುವ ಬಿಳಿ ಸತುವಿನ ಪುಡಿಯೂ ಅಷ್ಟೆ. ಬಿಸಿಲು ತಡೆಯುವ ಅನೇಕ ಕ್ರೀಮುಗಳಲ್ಲಿರುವುದು, ಕ್ರಿಕೆಟ್ ಆಟಗಾರರು ಮೂಗಿಗೆ ಬಳಿದುಕೊಳ್ಳುವುದು ಅದೇ ವಸ್ತು.

ಹಾಗಾದರೆ ಈ ಕ್ರಮ ಸಡಿಲಿದ್ದು ಯಾವಾಗ? ಸೋಪು ಬಂದ ಮೇಲೆ. 1888ರಲ್ಲಿ ಇಂಗ್ಲೆಂಡಿನ ಲಿವರ್ ಸೋದರರ ಸನ್‌ಲೈಟ್ ಸೋಪು ಕಲ್ಕತ್ತೆಯಲ್ಲಿ ಇಳಿಯಿತು, 1895ರಲ್ಲಿ ಲೈಫ್‌ಬಾಯ್. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಶ್ರೀಗಂಧದ ರಫ್ತು ನಿಂತು ಮೈಸೂರಿನಲ್ಲಿ ಮರ ರಾಶಿ ಬಿದ್ದಾಗ, 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಬೆಂಗಳೂರಿನಲ್ಲಿ ಸೋಪಿನ ಕಾರ್ಖಾನೆ ಹೂಡಿತು. ಮೈಸೂರು ಸ್ಯಾಂಡಲ್ ಸೋಪಿನ ಕಥೆ ಕನ್ನಡಿಗರಿಗೆ ಹೊಸತಲ್ಲ. ಆದರೆ ಮಂಕಿಯವರಿಗೆ ಅದು ಆಗ ಪರರಾಜ್ಯದ ಸರಕು. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಮೈಸೂರು ರಾಜ್ಯದೊಳಗೆ ಬಂದದ್ದು 1956ರಲ್ಲಿ. ಇತ್ತ ಅದೇ 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಜಿಲೆಟ್ ಕಂಪನಿಯ ಸೇಫ್ಟಿ ರೇಜರು ಹರಡಿತು. ಕ್ಷೌರಿಕನ ಕೈಗೆ ಗಡ್ಡ ಕೊಡುತ್ತಿದ್ದವರು ಕನ್ನಡಿಯ ಮುಂದೆ ದಿನಾ ತಾವೇ ಹೆರೆದುಕೊಳ್ಳತೊಡಗಿದರು. ನಾಗರಕನ ಅಂತರಗಳು ಹೀಗೆ ಕರಗಿದವು. ಸೋಪು ರೋಗಗಳನ್ನು ದೂರವಿಟ್ಟಿದೆ, ಅದನ್ನು ಹಳಿಯುವುದು ಕೃತಘ್ನತೆ. ಆದರೆ ಎಣ್ಣೆ ತೆಗೆಯಲೆಂದು ಬಂದ ನೊರೆ ಉಳಿದು, ಎಣ್ಣೆಯೇ ಕಾಣೆಯಾಯಿತು.

ತೊಂದರೆಯ ಮಾತಿಗೆ ಈಗ ಬರೋಣ. ಆರೈಕೆ ನಾಚಿಕೆಯ ವಿಷಯವಾದಾಗ ಗಂಡಸರು ಅದನ್ನು ಬಿಟ್ಟುಬಿಡಲಿಲ್ಲ, ಕದ್ದು ಮಾಡಿದರು. ಬಿಳಿಯಾಗುವ ಕ್ರೀಮು ಮಾರುಕಟ್ಟೆಗೆ ಬಂದದ್ದು 1975ರಲ್ಲಿ, ಹೆಂಗಸರ ಹೆಸರಿನಲ್ಲಿ. ಅಕ್ಕತಂಗಿಯರ ಟ್ಯೂಬಿನಿಂದ ಹುಡುಗರು ಬಳಸುತ್ತಿದ್ದದ್ದು ಗುಟ್ಟಿನ ಮಾತೇನಲ್ಲ. 2005ರಲ್ಲಿ ಗಂಡಸರಿಗೆಂದೇ ಬೇರೆ ಕ್ರೀಮು ಬಂತು. ಅದಕ್ಕಿಂತ ಕೆಟ್ಟದ್ದು ಔಷಧಿ ಅಂಗಡಿಯ ಸ್ಟಿರಾಯ್ಡ್ ಮುಲಾಮು. ಮುಖದ ಕಲೆಗೆ, ತೊಡೆಸಂದಿಯ ಗಜಕರ್ಣಕ್ಕೆ ಯಾರೋ ಹೇಳಿದರೆಂದು ಹಚ್ಚುತ್ತಾರೆ. ನಾಲ್ಕು ದಿನ ತುರಿಕೆ ಇಳಿಯುತ್ತದೆ, ಬಣ್ಣ ತಿಳಿಯಾದಂತೆ ಕಾಣುತ್ತದೆ. ಬಿಟ್ಟರೆ ದುಪ್ಪಟ್ಟಾಗಿ ಮರಳುತ್ತದೆ, ಮತ್ತೆ ಹಚ್ಚುತ್ತಾರೆ. ಚರ್ಮ ತೆಳುವಾಗಿ ನರಗಳು ಕೆಂಪಗೆ ಕಾಣತೊಡಗುತ್ತವೆ, ಮೊಡವೆ ಏಳುತ್ತವೆ, ಗಜಕರ್ಣ ಮದ್ದಿಗೆ ಜಗ್ಗದಂತಾಗುತ್ತದೆ. ಚರ್ಮವೈದ್ಯರು ವರ್ಷಗಟ್ಟಲೆ ಕೂಗಿದ ಮೇಲೆ 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿಮಾಡಿತು. ನಿಯಮ ಕಾಗದದ ಮೇಲಿದೆ. ಕೌಂಟರಿನ ಮೇಲೆ ಎಷ್ಟಿದೆ ಎಂಬುದನ್ನು ಓದುಗರೇ ಬಲ್ಲರು.

ಬೇಕಾಗಿರುವುದು ಇದಕ್ಕಿಂತ ಎಷ್ಟೋ ಸರಳ. ಚರ್ಮವೈದ್ಯರು ಇಂದು ಹೇಳುವುದು ಮೂರೇ ಕೆಲಸ: ಮೃದುವಾಗಿ ತೊಳೆ, ಪಸೆ ಉಳಿಸು, ಬಿಸಿಲು ತಡೆ. ನಾಗರಕನಿಗೂ ಹಾಳೆ ಟೊಪ್ಪಿಯ ಕೃಷಿಕನಿಗೂ ಇದನ್ನು ವಿವರಿಸಬೇಕಾಗಿರಲಿಲ್ಲ. ಬೆಳಿಗ್ಗೆ, ರಾತ್ರಿ ಎರಡು ಹೊತ್ತು ಕ್ಷಾರ ಕಡಿಮೆಯಿರುವ ಸೋಪು ಅಥವಾ ಫೇಸ್‌ವಾಶ್, ನಡುವೆ ಬೆವರಿದಾಗ ಬರೀ ನೀರು. ಮುಖ ಪೂರ್ತಿ ಆರುವ ಮೊದಲೇ ತೆಳುವಾದ, ವಾಸನೆಯಿಲ್ಲದ ಮಾಯಿಶ್ಚರೈಸರ್. ಜಿಡ್ಡು ಮುಖದವರಿಗೆ ನೀರಿನಂಥದ್ದು, ಒಣ ಚರ್ಮದವರಿಗೆ ಗಟ್ಟಿಯದು. ದೋಣಿಗೆ, ಗದ್ದೆಗೆ, ಬೈಕಿನಲ್ಲಿ ಪೇಟೆಗೆ ಹೊರಡುವವರು ಬಿಸಿಲಿನ ಕ್ರೀಮು ಹಚ್ಚಿ ಟೊಪ್ಪಿ ಇಡಬೇಕು. ಕಪ್ಪು ಚರ್ಮಕ್ಕೆ ಸ್ವಂತ ಕಾವಲು ಇದೆ ಎಂಬುದು ನಿಜವಾದರೂ ಕೆನ್ನೆಯ ಮೇಲೆ ಬಂಗು ಮೂಡುವುದನ್ನು ಆ ಕಾವಲು ತಡೆಯುವುದಿಲ್ಲ. ಕ್ಷೌರ ಕೂದಲು ನೆನೆದು ಮೆತ್ತಗಾದ ಮೇಲೆ, ಕೂದಲು ಬೆಳೆದ ದಿಕ್ಕಿನಲ್ಲಿ. ದಿನ ಬಿಟ್ಟು ದಿನವಾದರೆ ಇನ್ನೂ ಒಳ್ಳೆಯದು. ಶನಿವಾರದ ಎಣ್ಣೆಸ್ನಾನವನ್ನು ಇಟ್ಟುಕೊಳ್ಳುವವರು ಎಣ್ಣೆಯನ್ನು ತೆಗೆಯುವುದನ್ನೂ ಇಟ್ಟುಕೊಳ್ಳಲಿ.

ಮಳೆಗಾಲಕ್ಕೆ ಲೆಕ್ಕ ಬೇರೆ. ಜೂನ್ ಮತ್ತು ಜುಲೈಯಲ್ಲಿ ಯಾಂತ್ರಿಕ ದೋಣಿಗಳು ದಡ ಸೇರಿ, ಬಿಸಿಲು ಮರೆಯಾಗಿ, ಬಟ್ಟೆ ಒಣಗುವುದೇ ದೊಡ್ಡ ಸಾಹಸವಾಗುವ ದಿನಗಳಲ್ಲಿ ಕ್ರೀಮಿಗಿಂತ ಒಣ ಟವೆಲ್ಲಿಗೆ ಬೆಲೆ ಹೆಚ್ಚು. ಕಾಲ್ಬೆರಳ ಸಂದು, ಕಂಕುಳು, ತೊಡೆಸಂದುಗಳನ್ನು ಒರೆಸಿ ಒಣಗಿಸಿಕೊಳ್ಳಬೇಕು, ಒದ್ದೆ ಒಳಉಡುಪನ್ನು ಮತ್ತೆ ತೊಡಬಾರದು, ಮನೆಮಂದಿಯೆಲ್ಲ ಒಂದೇ ಟವೆಲು ಬಳಸಬಾರದು. ಅಷ್ಟಾದರೂ ಗಜಕರ್ಣ ಕಂಡರೆ ಮನೆಯಲ್ಲಿ ಉಳಿದ ಹಳೆಯ ಟ್ಯೂಬನ್ನು ಹುಡುಕದೆ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಬೇಕು, ಅವರು ಹೇಳಿದಷ್ಟು ವಾರ ಮದ್ದನ್ನು ಬಿಡದೆ ಹಚ್ಚಬೇಕು.