ಕಪ್ಪು ಪರದೆ ಹಾಕಿದರೆ ಸಾಕೇ? ಕೋಣೆ ಕತ್ತಲಾಗಲು ನಿಜಕ್ಕೂ ಬೇಕಾಗಿರುವುದೇನು?

"ಹಗಲು ನಿದ್ದೆ ಬರುತ್ತಿಲ್ಲವೇ? ಕಿಟಕಿಗೆ ಕಪ್ಪು ಪರದೆ ಹಾಕಿ, ಸಾಕು" ಎಂಬ ಸಲಹೆ ನಿಮಗೂ ಬಂದಿರಬಹುದು. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಮಲಗುವ ನರ್ಸ್, ಚಾಲಕರು, ಐಟಿ ನೌಕರರಿಗೆ ಇದು ಸಣ್ಣ ವಿಷಯವಲ್ಲ. ಆದರೆ ಈ ಸಲಹೆ ಅರ್ಧ ಮಾತ್ರ ಸರಿ.

ಕತ್ತಲೆ ಏಕೆ ಬೇಕು?
ನಿದ್ದೆಯ ಹೊತ್ತನ್ನು ದೇಹಕ್ಕೆ ತಿಳಿಸುವುದು ಮೆಲಟೋನಿನ್ ಎಂಬ ಹಾರ್ಮೋನು. ಕಣ್ಣಿಗೆ ಬೆಳಕು ಬಿದ್ದರೆ ಅದರ ಉತ್ಪತ್ತಿ ತಗ್ಗುತ್ತದೆ. ನೇರ ಬಿಸಿಲಿನ ಬೆಳಕು ಸುಮಾರು 1 ಲಕ್ಷ ಲಕ್ಸ್. ಹುಣ್ಣಿಮೆಯ ಬೆಳದಿಂಗಳು 1 ಲಕ್ಸ್‌ಗಿಂತಲೂ ಕಡಿಮೆ. ಅಂದರೆ ಬಿಸಿಲು ಬೀಳುವ ಕಿಟಕಿಯಲ್ಲಿ ಪರದೆ ಶೇ 99ರಷ್ಟು ಬೆಳಕು ತಡೆದರೂ, ಬಟ್ಟೆಯ ಒಳಬದಿಯಲ್ಲಿ 1,000 ಲಕ್ಸ್‌ನಷ್ಟು ಉಳಿದಿರಬಹುದು!

ಬಣ್ಣ ಮುಖ್ಯವೇ?
ಬಣ್ಣಕ್ಕಿಂತ ನೇಯ್ಗೆ ಮುಖ್ಯ. ತೆಳುವಾದ ಕಪ್ಪು ಬಟ್ಟೆಯ ಎಳೆಗಳ ನಡುವೆ ಬೆಳಕು ನುಸುಳುತ್ತದೆ. 'ಬ್ಲ್ಯಾಕ್‌ಔಟ್' ಪರದೆಯಲ್ಲಿ ಹಿಂಬದಿಗೆ ಲೇಪನವಿರುತ್ತದೆ ಅಥವಾ ಒಳಪದರದಲ್ಲಿ ಕಪ್ಪು ನೂಲಿನ ಒತ್ತು ನೇಯ್ಗೆ ಇರುತ್ತದೆ. ಹಾಗಾಗಿ ಕೆನೆ ಬಣ್ಣದ ಪರದೆಯೂ ಚೆನ್ನಾಗಿ ಕತ್ತಲು ಮಾಡಬಲ್ಲದು. 'ಡಿಮ್‌ಔಟ್' ಎಂದಿದ್ದರೆ ಬೆಳಕು ಮಂದವಾಗುತ್ತದೆ ಅಷ್ಟೇ.

ಅಂಗಡಿಯಲ್ಲೇ ಪರೀಕ್ಷಿಸಿ: ಬಟ್ಟೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಚುಕ್ಕಿ ಚುಕ್ಕಿಯಾಗಿ ಬೆಳಕು ಕಂಡರೆ ಅದು ನಿಮಗೆ ಬೇಕಾದ ಬಟ್ಟೆಯಲ್ಲ.

ಬೆಳಕು ಸೋರುವುದು ಎಲ್ಲಿ?
ಹೆಚ್ಚಾಗಿ ಅಂಚಿನಲ್ಲಿ. ಕಂಬಿಯನ್ನು ಕಿಟಕಿಗಿಂತ ಎರಡೂ ಬದಿ ಸುಮಾರು 15 ಸೆಂ.ಮೀ. ಅಗಲವಾಗಿ, ಒಂದಿಷ್ಟು ಎತ್ತರದಲ್ಲಿ ಹಾಕಿಸಿ. ಪರದೆ ಕಿಟಕಿಯ ಕೆಳಅಂಚನ್ನು ದಾಟಿ ಇಳಿಯಲಿ. ಚೌಕಟ್ಟಿನೊಳಗೆ ಕೂರಿಸುವ ರೋಲರ್ ಬ್ಲೈಂಡ್‌ನ ಎರಡೂ ಬದಿ ಸಣ್ಣ ಸಂದು ಉಳಿಯುತ್ತದೆ. ಅದರ ಮೇಲೊಂದು ಪರದೆ ಇದ್ದರೆ ಒಳ್ಳೆಯದು. ನಮ್ಮ ಮನೆಗಳ ವೆಂಟಿಲೇಟರನ್ನೂ ಮರೆಯಬೇಡಿ. ಆದರೆ ಗಾಳಿಯ ದಾರಿ ಪೂರ್ತಿ ಮುಚ್ಚಬೇಡಿ.

ಇವನ್ನೂ ಗಮನಿಸಿ
• ಕಿಟಕಿಯ ಕಡೆಗಿರುವ ಬದಿ ಬಿಳಿಯಾಗಿರಲಿ. ಕಪ್ಪು ಬಟ್ಟೆ ಬಿಸಿಲು ಹೀರಿ ಬಿಸಿಯಾಗುತ್ತದೆ.
• ಗಾಜಿಗೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದರೆ ಬೆಳಕೇನೋ ನಿಲ್ಲುತ್ತದೆ. ಆದರೆ ಗಾಜು ಒಂದೆಡೆ ಹೆಚ್ಚು ಕಾದು ಬಿರುಕು ಬಿಡಬಹುದು.
• ಬ್ಲೈಂಡ್‌ನ ಜೋತಾಡುವ ದಾರ ಮಕ್ಕಳ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವಿದೆ. ಮಕ್ಕಳಿರುವ ಮನೆಗೆ ದಾರವಿಲ್ಲದ್ದನ್ನೇ ತನ್ನಿ.
• ಎದ್ದ ಕೂಡಲೇ ಪರದೆ ಸರಿಸಿ. ಎಚ್ಚರವಾಗಿರಲು ದೇಹಕ್ಕೆ ಬೆಳಕೂ ಬೇಕು.

ತೀರ್ಮಾನ: ಕೋಣೆಯನ್ನು ಕತ್ತಲಾಗಿಸುವುದು ಪರದೆಯ ಬಣ್ಣವಲ್ಲ, ಒತ್ತಾದ ಬಟ್ಟೆ ಮತ್ತು ಸಂದಿಲ್ಲದ ಅಂಚು. ಪರದೆ ನಿದ್ದೆಗೆ ನೆರವಾಗಬಹುದು, ಆದರೆ ಅದು ಔಷಧಿಯಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ ವೈದ್ಯರನ್ನು ಕಾಣಿ. ಮನೆಯಲ್ಲಿ ಯಾರಾದರೂ ರಾತ್ರಿ ಪಾಳಿ ಮಾಡುತ್ತಿದ್ದರೆ ಇದನ್ನು ಅವರಿಗೂ ಕಳುಹಿಸಿ.