ರೆಂಡರಿಂಗ್ ಕಾಂಟೆಕ್ಸ್ಟ್‌ನ ಕ್ಯಾನ್ವಾಸ್ ಪ್ರಾಪರ್ಟಿ

ಬ್ರೌಸರ್‌ನ ಕ್ಯಾನ್ವಾಸಿನಲ್ಲಿ ಚಿತ್ರ ಬಿಡಿಸುವ ಆದೇಶಗಳೆಲ್ಲ ಹೋಗುವುದು ರೆಂಡರಿಂಗ್ ಕಾಂಟೆಕ್ಸ್ಟ್‌ಗೆ. ಆ ಕಾಂಟೆಕ್ಸ್ಟ್ ಯಾವ ಕ್ಯಾನ್ವಾಸಿಗೆ ಸೇರಿದ್ದು ಎಂಬುದನ್ನು ತಿಳಿಸುವುದೇ ‘ಕ್ಯಾನ್ವಾಸ್’ ಪ್ರಾಪರ್ಟಿ. ಇದನ್ನು ಓದಬಹುದೇ ಹೊರತು ಬದಲಿಸಲಾಗದು.

ಕ್ಯಾನ್ವಾಸ್ ಎಲಿಮೆಂಟನ್ನು 2004ರಲ್ಲಿ ಆ್ಯಪಲ್ ಕಂಪನಿ ಮ್ಯಾಕ್‌ನ ಡ್ಯಾಶ್‌ಬೋರ್ಡ್ ವಿಜೆಟ್‌ಗಳಿಗಾಗಿ ರೂಪಿಸಿತು. 2005ರಲ್ಲಿ ಫೈರ್‌ಫಾಕ್ಸ್ 1.5, ಮರುವರ್ಷ ಒಪೆರಾ 9 ಅದನ್ನು ಅಳವಡಿಸಿಕೊಂಡವು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಅದು ಬಂದದ್ದು 2011ರಲ್ಲಿ, 9ನೇ ಆವೃತ್ತಿಯೊಂದಿಗೆ.

ಈ ವಿನ್ಯಾಸದ ಜಾಣತನವಿರುವುದು ಕೆಲಸದ ಹಂಚಿಕೆಯಲ್ಲಿ. ಅಳತೆ, ಪುಟದಲ್ಲಿನ ಜಾಗ, ಮೌಸ್ ಕ್ಲಿಕ್ಕುಗಳು ಎಲಿಮೆಂಟಿನ ಪಾಲು. ಗೆರೆ, ಬಣ್ಣ, ಅಕ್ಷರ ಕಾಂಟೆಕ್ಸ್ಟ್‌ನ ಪಾಲು. ಹಾಗಾಗಿಯೇ ಮೊಜಿಲ್ಲಾದ ವ್ಲಾದಿಮಿರ್ ವುಕಿಚೆವಿಚ್ 2006ರಲ್ಲಿ ಮೂರು ಆಯಾಮದ ಪ್ರಯೋಗ ತೋರಿಸಿದಾಗ ಹೊಸ ಎಲಿಮೆಂಟ್ ಬೇಕಾಗಲಿಲ್ಲ, ಹೊಸ ಕಾಂಟೆಕ್ಸ್ಟ್ ಸಾಕಾಯಿತು. 2011ರ ಮಾರ್ಚ್‌ನಲ್ಲಿ ಕ್ರೋನೋಸ್ ಗ್ರೂಪ್ ಹೊರತಂದ ವೆಬ್‌ಜಿಎಲ್ 1.0 ಇದೇ ಹಾದಿ ಹಿಡಿದು ಕ್ಯಾನ್ವಾಸ್ ಪ್ರಾಪರ್ಟಿಯನ್ನೂ ಉಳಿಸಿಕೊಂಡಿತು.

ಪ್ರಾಪರ್ಟಿ ಚಿಕ್ಕದು, ಉಪಯೋಗ ದೊಡ್ಡದು. ಫಂಕ್ಷನ್ನಿಗೆ ‘ಜಿಎಲ್’ ಎಂಬ ಕಾಂಟೆಕ್ಸ್ಟ್ ಒಂದನ್ನೇ ಕೊಟ್ಟರೂ ಅದು ‘ಜಿಎಲ್.ಕ್ಯಾನ್ವಾಸ್.ವಿಡ್ತ್’ ಎಂದು ಅಗಲ ಕೇಳಬಲ್ಲದು. ಯಾರೂ ಅಳತೆ ಕೊಟ್ಟಿರದಿದ್ದರೆ ಅಗಲ 300, ಎತ್ತರ 150 ಪಿಕ್ಸೆಲ್. ಆದರೆ ವೆಬ್‌ಜಿಎಲ್‌ನಲ್ಲಿ ಈ ಉತ್ತರವನ್ನು ಪೂರ್ತಿ ನೆಚ್ಚಿಕೊಳ್ಳುವಂತಿಲ್ಲ. ಕೇಳಿದಷ್ಟು ದೊಡ್ಡ ಬಫರ್ ಒದಗಿಸಲಾಗದಾಗ ಬ್ರೌಸರ್ ಚಿಕ್ಕದನ್ನೇ ಕೊಟ್ಟಿರಬಹುದು. ಕ್ಯಾನ್ವಾಸ್ ಮಾತ್ರ ಕೇಳಿದ ಅಳತೆಯನ್ನೇ ಹೇಳುತ್ತಿರುತ್ತದೆ. ವ್ಯೂಪೋರ್ಟ್ ಹೊಂದಿಸುವಾಗ ‘ಡ್ರಾಯಿಂಗ್‌ಬಫರ್‌ವಿಡ್ತ್’ ನೋಡುವುದೇ ಸರಿಯಾದ ಕ್ರಮ. ಕ್ಯಾನ್ವಾಸಿನಿಂದ ಚಿತ್ರವನ್ನು ಉಳಿಸಿಕೊಳ್ಳಹೊರಟವರಿಗೆ ಖಾಲಿ ಚಿತ್ರ ಸಿಗುವುದೂ ಉಂಟು. ತೆರೆಗೆ ಒಪ್ಪಿಸಿದ ಬಫರನ್ನು ವೆಬ್‌ಜಿಎಲ್ ಅಳಿಸಿಬಿಡುತ್ತದೆ; ಅದು ಉಳಿಯಬೇಕಾದರೆ ಕಾಂಟೆಕ್ಸ್ಟ್ ಪಡೆಯುವಾಗಲೇ ‘ಪ್ರಿಸರ್ವ್‌ಡ್ರಾಯಿಂಗ್‌ಬಫರ್’ ಎಂದು ಕೇಳಿರಬೇಕು, ಇಲ್ಲವೇ ಬಿಡಿಸಿದ ಮರುಕ್ಷಣವೇ ಚಿತ್ರ ತೆಗೆದುಕೊಳ್ಳಬೇಕು.

ಈ ಪ್ರಾಪರ್ಟಿಯ ಇತಿಹಾಸದಲ್ಲಿ ದೊಡ್ಡ ತಿರುವು ತಂದದ್ದು ಆಫ್‌ಸ್ಕ್ರೀನ್‌ಕ್ಯಾನ್ವಾಸ್. ಪುಟದ ಹಂಗಿಲ್ಲದೆ, ಹಿನ್ನೆಲೆಯ ವರ್ಕರ್‌ನಲ್ಲೇ ಚಿತ್ರ ಬಿಡಿಸಲು ಅದು ಅವಕಾಶ ಕೊಟ್ಟಿತು. 2018ರಲ್ಲಿ ಕ್ರೋಮ್ 69, 2022ರಲ್ಲಿ ಫೈರ್‌ಫಾಕ್ಸ್ 105, 2023ರಲ್ಲಿ ಸಫಾರಿ 16.4 ಇದನ್ನು ಬಳಕೆಗೆ ತಂದವು. ಸಫಾರಿಯಲ್ಲಿ ಮೊದಲು ಸಿಕ್ಕಿದ್ದು ಎರಡು ಆಯಾಮದ ಕಾಂಟೆಕ್ಸ್ಟ್ ಮಾತ್ರ. ಆಫ್‌ಸ್ಕ್ರೀನ್‌ಕ್ಯಾನ್ವಾಸ್ ಬರುವವರೆಗೆ ಪುಟದ ಎಲಿಮೆಂಟನ್ನೇ ಕೊಡುತ್ತಿದ್ದ ಪ್ರಾಪರ್ಟಿ ಈಗ ಇವೆರಡರಲ್ಲಿ ಯಾವುದನ್ನಾದರೂ ಕೊಡಬಹುದು. ಆಫ್‌ಸ್ಕ್ರೀನ್‌ಕ್ಯಾನ್ವಾಸಿಗೆ ಅಗಲ, ಎತ್ತರ ಉಂಟು. ಪುಟದಲ್ಲಿ ಜಾಗವಿಲ್ಲ, ಸ್ಟೈಲ್ ಇಲ್ಲ. ‘ಜಿಎಲ್.ಕ್ಯಾನ್ವಾಸ್.ಕ್ಲೈಂಟ್‌ವಿಡ್ತ್’ ಎಂದು ಬರೆದ ಹಳೆಯ ಕೋಡ್ ವರ್ಕರ್‌ನೊಳಗೆ ಮುಗ್ಗರಿಸುವುದು ಇದರಿಂದಲೇ. 2023ರಲ್ಲಿ ಕ್ರೋಮ್ 113ರ ಜೊತೆ ಬಂದ ವೆಬ್‌ಜಿಪಿಯುವಿನ ಕಾಂಟೆಕ್ಸ್ಟ್‌ಗೂ ಇದೇ ಹೆಸರಿನ ಪ್ರಾಪರ್ಟಿ ಇದ್ದು, ಅದೂ ಈ ಎರಡು ಬಗೆಯ ಕ್ಯಾನ್ವಾಸುಗಳಲ್ಲಿ ಒಂದನ್ನು ಕೊಡುತ್ತದೆ.