ದಖ್ಖನಿನ ಬಯಲು ಇಳಿದಾಣಗಳು: ಕಾಚಿಗೂಡದಿಂದ ಬಳ್ಳಾರಿ, ಬೀದರ್, ಬೆಂಗಳೂರಿನವರೆಗೆ ಸಣ್ಣ ವಿಮಾನದ ಚರಿತ್ರೆ

1. ಪ್ರಸ್ತಾವನೆ

ಕೈಯಾರೆ ಜೋಡಿಸಿದ ಒಂದೆರಡು ಆಸನಗಳ ಹಗುರ ವಿಮಾನದಲ್ಲಿ ಹೊರಟು, ಊರಿನಿಂದ ದೂರದ ಹುಲ್ಲುಬಯಲಲ್ಲಿ ಇಳಿದು, ರೆಕ್ಕೆಯಡಿ ಡೇರೆ ಹಾಕಿ ರಾತ್ರಿ ಕಳೆದು ಬರುವ ರೂಢಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಬಹುಕಾಲದಿಂದ ಬೇರುಬಿಟ್ಟಿದೆ. ನಮ್ಮಲ್ಲಿ ಅದು ಬೆಳೆಯಲಿಲ್ಲ. ಬಡ ದೇಶಕ್ಕೆ ಇಂಥ ಹವ್ಯಾಸ ಎಲ್ಲಿಂದ ಬರಬೇಕು ಎಂಬ ಉತ್ತರ ಥಟ್ಟನೆ ಹೊಳೆಯುತ್ತದೆ. ಆದರೆ ದಖ್ಖನಿನ ಚರಿತ್ರೆ ಆ ಉತ್ತರಕ್ಕೆ ಒಗ್ಗುವುದಿಲ್ಲ. ಇಲ್ಲಿ 1932ರಲ್ಲೇ ಸಣ್ಣ ವಿಮಾನ ಬಯಲಿಗಿಳಿದಿತ್ತು. 1958ರಲ್ಲಿ ಕ್ಲಬ್ಬುಗಳಿಗೆಂದೇ ವಿಮಾನ ತಯಾರಾಗಿತ್ತು. ಮುಂದೆ ಬೆಂಗಳೂರಿನಿಂದ ಹೋದ ಬಿಡಿಭಾಗಗಳನ್ನು ಯುರೋಪಿನ ಹವ್ಯಾಸಿಗಳು ತಮ್ಮ ಮನೆಗಳಲ್ಲಿ ಜೋಡಿಸಿ ಹಾರಿದರು. ಯಂತ್ರ ಇತ್ತು, ಕೌಶಲ ಇತ್ತು. ಉಳಿಯದೆ ಹೋದದ್ದು ಇಳಿಯುವ ನೆಲ. ಸಣ್ಣ ವಿಮಾನದ ಚರಿತ್ರೆಯನ್ನು ಯಂತ್ರಗಳ ಚರಿತ್ರೆಯಾಗಿ ಬರೆದರೆ ಸಾಲದು, ಇಳಿದಾಣಗಳ ಚರಿತ್ರೆಯಾಗಿಯೂ ಬರೆಯಬೇಕು ಎಂಬುದು ಈ ಲೇಖನದ ವಾದ.

ಈ ವಿಚಾರಕ್ಕೆ ಹೈದರಾಬಾದಿನ ಕಾಚಿಗೂಡವನ್ನು ನೆಲೆಯಾಗಿಟ್ಟುಕೊಳ್ಳಲು ಕಾರಣಗಳಿವೆ. ನಿಜಾಮರ ಸಂಸ್ಥಾನದೊಳಗೆ ಬೀದರ್, ಗುಲಬರ್ಗಾ, ರಾಯಚೂರು ಎಂಬ ಮೂರು ಕನ್ನಡ ಜಿಲ್ಲೆಗಳಿದ್ದವು. ಆ ಜಿಲ್ಲೆಗಳಿಂದ ರಾಜಧಾನಿಗೆ ಬಂದವರು ಕನ್ನಡ ಶಾಲೆ, ಸಾಹಿತ್ಯ ಮಂದಿರಗಳನ್ನು ಕಟ್ಟಿಕೊಂಡ ಬಡಾವಣೆ ಕಾಚಿಗೂಡ. 1916ರಲ್ಲಿ ಇಲ್ಲಿ ತೆರೆದ ರೈಲು ನಿಲ್ದಾಣ ನಿಜಾಮ್ ರೈಲ್ವೆಯ ಹೆಮ್ಮೆಯ ಕಟ್ಟಡ. ಸಂಸ್ಥಾನದ ಸಾರಿಗೆ ಹೇಗೆ ಯೋಚಿಸುತ್ತಿತ್ತು, ವಿಮಾನಕ್ಕೆ ಅದರಲ್ಲಿ ಯಾವ ಸ್ಥಾನವಿತ್ತು ಎಂಬುದನ್ನು ತಿಳಿಯಲು ಇದು ಸರಿಯಾದ ತಾಣ.

2. ಹೊರಗಿನ ಹಿನ್ನೆಲೆ: ಹವ್ಯಾಸಿಗಳು ಮತ್ತು ಕಾನೂನು

ಮನೆಯಲ್ಲಿ ವಿಮಾನ ಕಟ್ಟುವ ಹವ್ಯಾಸಕ್ಕೆ ಎರಡು ದೊಡ್ಡ ಮೂಲಗಳಿವೆ. ಅಮೆರಿಕದ ಮಿನೆಸೋಟಾ ರಾಜ್ಯದ ಚೆರಿ ಗ್ರೋವ್ ಎಂಬ ಹಳ್ಳಿಯಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಎಂಬ ಮೆಕ್ಯಾನಿಕ್ 1929ರಲ್ಲಿ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಬಳಸಿ ಮರ ಮತ್ತು ಬಟ್ಟೆಯ ಎರಡಾಸನದ ವಿಮಾನ ಹಾರಿಸಿದರು. ‘ಏರ್ ಕ್ಯಾಂಪರ್’ ಎಂಬ ಆ ವಿಮಾನದ ನಕ್ಷೆಗಳು ಪತ್ರಿಕೆಯಲ್ಲಿ ಅಚ್ಚಾಗಿ ಯಾರು ಬೇಕಾದರೂ ಕಟ್ಟಬಹುದಾದವು. ಫ್ರಾನ್ಸಿನಲ್ಲಿ ಆನ್ರಿ ಮಿನ್ಯೆ 1933ರಲ್ಲಿ ‘ಫ್ಲೈಯಿಂಗ್ ಫ್ಲೀ’ ಎಂದು ಹೆಸರಾದ ಪುಟ್ಟ ವಿಮಾನವನ್ನು ಹಾರಿಸಿದರು. ಪರೀಕ್ಷಾ ಹಾರಾಟದ ದಿನಗಳಲ್ಲಿ ಅವರು ಹೊಲದ ಪಕ್ಕದ ಡೇರೆಯಲ್ಲೇ ವಾಸವಿದ್ದರು. ಅವರ ಪುಸ್ತಕ ಓದಿ ಸಾವಿರಾರು ಜನ ವಿಮಾನ ಕಟ್ಟಲು ತೊಡಗಿದರು. ಆದರೆ ಅದರ ಎರಡು ರೆಕ್ಕೆಗಳ ನಡುವಿನ ಗಾಳಿಯ ಹರಿವಿನಲ್ಲಿ ದೋಷವಿತ್ತು. ಮೂತಿ ಒಮ್ಮೆ ಕಡಿದಾಗಿ ಕೆಳಗೆ ಬಾಗಿದರೆ ಎಷ್ಟು ಎಳೆದರೂ ಮೇಲೇಳುತ್ತಿರಲಿಲ್ಲ. ಸಾವುಗಳಾದವು. 1936ರಲ್ಲಿ ಗಾಳಿಸುರಂಗದ ಪರೀಕ್ಷೆಗಳು ದೋಷವನ್ನು ಖಚಿತಪಡಿಸಿದವು, ನಿಷೇಧ ಬಂತು. ಹವ್ಯಾಸಿಗೆ ಸ್ವಾತಂತ್ರ್ಯವೂ ಬೇಕು, ಪರೀಕ್ಷಿಸುವ ಕಣ್ಣೂ ಬೇಕು ಎಂಬ ಪಾಠ ಇಲ್ಲಿ ಸಿಕ್ಕಿತು.

ಅಮೆರಿಕದಲ್ಲಿ 1953ರ ಜನವರಿಯಲ್ಲಿ ಪಾಲ್ ಪೊಬೆರೆಜ್ನಿ ಕಟ್ಟಿದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಹವ್ಯಾಸಿಗಳಿಗೆ ಸಂಘಟನೆಯ ಬಲ ಕೊಟ್ಟಿತು. ಆದರೆ ನಮ್ಮ ವಾದಕ್ಕೆ ಹೆಚ್ಚು ಮುಖ್ಯವಾದದ್ದು ಐಡಾಹೊ ರಾಜ್ಯದ ಉದಾಹರಣೆ. ಅಲ್ಲಿನ ಕಣಿವೆಗಳಲ್ಲಿ ಅರಣ್ಯ ಸಿಬ್ಬಂದಿಯೂ ಗಣಿಗಾರರೂ ಮಾಡಿಕೊಂಡಿದ್ದ ಪುಟ್ಟ ಇಳಿದಾಣಗಳಿದ್ದವು. 1980ರಲ್ಲಿ ಆ ಪ್ರದೇಶವನ್ನು ಸಂರಕ್ಷಿತ ಅರಣ್ಯವಾಗಿ ಘೋಷಿಸಿದ ಕಾನೂನು, ಮೊದಲಿನಿಂದ ಬಳಕೆಯಲ್ಲಿದ್ದ ಕಡೆ ವಿಮಾನ ಇಳಿಸುವುದನ್ನು ಮುಂದುವರಿಸಲು ಅವಕಾಶ ಕೊಟ್ಟಿತು; ನಿಯತ ಬಳಕೆಯ ಇಳಿದಾಣವನ್ನು ರಾಜ್ಯದ ಒಪ್ಪಿಗೆಯಿಲ್ಲದೆ ಶಾಶ್ವತವಾಗಿ ಮುಚ್ಚಬಾರದೆಂದೂ ವಿಧಿಸಿತು. ಇಂದು ಅಲ್ಲಿನ ಇಳಿದಾಣಗಳಲ್ಲಿ ಡೇರೆಗಳು ಏಳುವುದು ಹಾರಾಟಗಾರರ ಸಾಹಸದ ಫಲ ಮಾತ್ರವಲ್ಲ, ಕಾನೂನು ನೆಲವನ್ನು ಕಾಪಾಡಿದ್ದರ ಫಲವೂ ಹೌದು.

3. ಬಳ್ಳಾರಿ, 1932

ದಕ್ಷಿಣ ಭಾರತದಲ್ಲಿ ಸಣ್ಣ ವಿಮಾನ ಮತ್ತು ಬಯಲು ನೆಲದ ನಂಟು ಬಳ್ಳಾರಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬೈಗೆ ಪುಸ್ ಮಾತ್ ವಿಮಾನದಲ್ಲಿ ಟಪಾಲು ತಂದರು. ಅಲ್ಲಿಂದ ಅದನ್ನು ಬಳ್ಳಾರಿಯಲ್ಲಿ ಇಳಿದು ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಟಾಟಾ ಜೊತೆ ಸೇರುವ ಮೊದಲು ವಿನ್ಸೆಂಟ್ ಭಾರತದ ಊರೂರು ಸುತ್ತಿ, ಸಿಕ್ಕ ಮೈದಾನಗಳಲ್ಲಿ ಇಳಿದು, ಜನರನ್ನು ಕೂರಿಸಿಕೊಂಡು ಹಾರಾಟ ತೋರಿಸುತ್ತಿದ್ದವರು. ಬಯಲನ್ನು ಮೇಲಿನಿಂದಲೇ ಓದುವುದು ಅವರಿಗೆ ಕರಗತವಾಗಿತ್ತು.

ಪುಸ್ ಮಾತ್ ಒಂದೇ ಎಂಜಿನ್ನಿನ, ಎತ್ತರದ ರೆಕ್ಕೆಯ, ಬಾಲದಡಿ ಆಧಾರವಿದ್ದ ವಿಮಾನ. ರೇಡಿಯೊ ಇರಲಿಲ್ಲ, ದಾರಿ ತೋರುವ ದೀಪಗಳಿರಲಿಲ್ಲ. ಅಹಮದಾಬಾದಿನಲ್ಲಿ ಪೆಟ್ರೋಲ್ ಡಬ್ಬಿಗಳು ಎತ್ತಿನ ಗಾಡಿಯಲ್ಲಿ ಬಂದವು. ರೈಲು ಹಳಿ, ನದಿ, ಕೆರೆ, ಬೆಟ್ಟಗಳನ್ನು ನೋಡಿಕೊಂಡೇ ಸಾಗಬೇಕಿತ್ತು. ಮೊದಲ ಪೂರ್ಣ ವರ್ಷದಲ್ಲಿ ಈ ಸೇವೆ ಸುಮಾರು 1,60,000 ಮೈಲಿ ಹಾರಿತು. ಇಂದು ಕಾಡುಮೇಡಿನ ಹಾರಾಟಗಾರ ಬಯಸಿ ಆರಿಸಿಕೊಳ್ಳುವ ಸ್ಥಿತಿ ಅಂದು ನಿತ್ಯದ ಕೆಲಸವೇ ಆಗಿತ್ತು. ಮಳೆಗಾಲದಲ್ಲಿ ಮುಂಬೈಯ ಜುಹುವಿನ ನೆಲ ನೀರಿನಲ್ಲಿ ಮುಳುಗಿದಾಗ ಟಾಟಾ ವಿಮಾನಗಳು ಪುಣೆಗೆ ಹೋಗಬೇಕಾಗುತ್ತಿತ್ತು. ವೇಳಾಪಟ್ಟಿಯನ್ನು ನಿರ್ಧರಿಸುತ್ತಿದ್ದದ್ದು ಎಂಜಿನ್ನಿನ ಶಕ್ತಿಗಿಂತ ಮಣ್ಣಿನ ಸ್ಥಿತಿ. ಮುಂದೆ ಈ ಮಾರ್ಗದಲ್ಲಿ ಬಳ್ಳಾರಿಯ ಬದಲು ಹೈದರಾಬಾದ್ ನಿಲುಗಡೆಯಾಯಿತು.

ದಖ್ಖನಿನ ನೆಲ ಇಂಥ ಹಾರಾಟಕ್ಕೆ ಅನುಕೂಲವೂ ಹೌದು, ಕಠಿಣವೂ ಹೌದು. ಮರಗಳು ವಿರಳವಾದ ವಿಶಾಲ ಬಯಲುಗಳು ಅನುಕೂಲ. ಆದರೆ ರಾಯಚೂರು, ಗುಲಬರ್ಗಾ ಸೀಮೆಯ ಎರೆಮಣ್ಣು ಮಳೆ ಬಿದ್ದೊಡನೆ ಗಾಲಿಗೆ ಮೆತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅಂಗೈಯಗಲ ಬಿರುಕು ಬಿಡುತ್ತದೆ. ಬೀದರಿನ ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಂಗುತ್ತದೆ. ಇದರ ಜೊತೆಗೆ ಎತ್ತರ ಮತ್ತು ಸೆಕೆ. ಹೈದರಾಬಾದ್ ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲಿದೆ, ಬೆಂಗಳೂರು ಒಂಬೈನೂರರ ಹತ್ತಿರ. ಮೇ ತಿಂಗಳ ಮಧ್ಯಾಹ್ನ ಗಾಳಿ ತೆಳುವಾಗಿ ರೆಕ್ಕೆಗೆ ಸಿಗುವ ಎತ್ತುವ ಬಲ, ಎಂಜಿನ್ನಿನ ಶಕ್ತಿ ಎರಡೂ ಕುಗ್ಗುತ್ತವೆ. ನೆಲ ಬಿಡಲು ಹೆಚ್ಚು ಉದ್ದದ ಓಟ ಬೇಕಾಗುತ್ತದೆ. ಇಲ್ಲಿ ಹಗುರ ವಿಮಾನಕ್ಕೆ ಸೂಕ್ತ ಕಾಲವೆಂದರೆ ಸುಗ್ಗಿಯ ನಂತರದ ಚಳಿಗಾಲದ ಬೆಳಗು.

4. ಕಾಚಿಗೂಡ ಮತ್ತು ಬೇಗಂಪೇಟೆ

ನಿಜಾಮ್ ರೈಲ್ವೆ ಹಳಿಗಳಿಗಷ್ಟೇ ಸೀಮಿತವಾಗಿರಲಿಲ್ಲ. 1932ರ ಜೂನ್‌ನಲ್ಲಿ ಅದು 27 ಬಸ್ಸು, 166 ಸಿಬ್ಬಂದಿಯೊಡನೆ ರಸ್ತೆ ಸಾರಿಗೆ ಆರಂಭಿಸಿತು. ಅದೇ ದಶಕದಲ್ಲಿ ಹೈದರಾಬಾದ್ ಏರೋ ಕ್ಲಬ್ ಹುಟ್ಟಿ ನಗರದ ಬೇಗಂಪೇಟೆಯಲ್ಲಿ ನೆಲೆಯೂರಿತು. 1937ರ ಹೊತ್ತಿಗೆ ಅಲ್ಲಿ ಟರ್ಮಿನಲ್ ಕಟ್ಟಡ ಎದ್ದಿತು. 1945ರಲ್ಲಿ ನಿಜಾಮ್ ಸರ್ಕಾರ ಮತ್ತು ಟಾಟಾ ಸೇರಿ ಡೆಕ್ಕನ್ ಏರ್‌ವೇಸ್ ಸ್ಥಾಪಿಸಿದವು.

ಇದರಲ್ಲಿ ಒಂದು ದೃಷ್ಟಿಕೋನ ಅಡಗಿದೆ. ಸಂಸ್ಥಾನ ವಿಮಾನವನ್ನು ರೈಲು, ಬಸ್ಸುಗಳ ಸಾಲಿನಲ್ಲಿಟ್ಟು ಸಾರ್ವಜನಿಕ ಸೇವೆಯೆಂದು ಕಂಡಿತು. ಕ್ಲಬ್ಬು ಪೈಲಟ್‌ಗಳನ್ನು ತಯಾರಿಸಿತು, ಕಂಪನಿ ಪ್ರಯಾಣಿಕರನ್ನು ಒಯ್ದಿತು. ಇವೆರಡರ ನಡುವೆ, ತನ್ನ ಖುಷಿಗಾಗಿ ಹಾರಿ ಎಲ್ಲೋ ಇಳಿಯುವ ಹವ್ಯಾಸಿಗೆ ವ್ಯವಸ್ಥೆಯಲ್ಲಿ ಜಾಗ ಉಳಿಯಲಿಲ್ಲ. 1953ರ ರಾಷ್ಟ್ರೀಕರಣದಲ್ಲಿ ಡೆಕ್ಕನ್ ಏರ್‌ವೇಸ್ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ವಿಲೀನವಾಯಿತು. ಆ ವೇಳೆಗೆ ದೊಡ್ಡ ನಗರಗಳ ನಡುವಿನ ಮಾರ್ಗವೇ ವಿಮಾನಯಾನ ಎಂಬ ಭಾವನೆ ಗಟ್ಟಿಯಾಗಿತ್ತು.

5. ಬೀದರ್, 1948: ಬಯಲು ಅನುಮಾನಕ್ಕೆ ಗುರಿಯಾದದ್ದು

ದೂರದ ಇಳಿದಾಣವೆಂದರೆ ಆಡಳಿತಕ್ಕೆ ಅಳುಕು ಹುಟ್ಟಲು ಇದೇ ನೆಲದಲ್ಲಿ ಬಲವಾದ ಕಾರಣವಿದೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರದೆ ನಿಂತಾಗ, ಆಸ್ಟ್ರೇಲಿಯಾದ ಪೈಲಟ್ ಸಿಡ್ನಿ ಕಾಟನ್ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಕರಾಚಿಯಿಂದ ಸಂಸ್ಥಾನಕ್ಕೆ ಕದ್ದು ಶಸ್ತ್ರಾಸ್ತ್ರ ಸಾಗಿಸಿದರು. ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ಆರಂಭವಾದಾಗ ಬೀದರ್, ವರಂಗಲ್‌ಗಳ ವಿಮಾನ ನೆಲೆಗಳು ಭಾರತೀಯ ವಾಯುಪಡೆಯ ದಾಳಿಗೆ ಗುರಿಯಾದವು. ಬೀದರಿನ ನೆಲೆ 1963ರಿಂದ ವಾಯುಪಡೆಯ ಪೈಲಟ್ ತರಬೇತಿಯ ತಾಣವಾಯಿತು. ಹೈದರಾಬಾದಿನ ಹೊರವಲಯದ ದುಂಡಿಗಲ್‌ನಲ್ಲಿ ವಾಯುಪಡೆಯ ಅಕಾಡೆಮಿ ನೆಲೆಗೊಂಡಿತು. ದೇಶದ ರಕ್ಷಣೆಗೆ ಇವು ಅಗತ್ಯವೇ. ಆದರೆ ಇದೇ ಬೆಳವಣಿಗೆಯಿಂದ ದಖ್ಖನಿನ ಆಕಾಶದ ದೊಡ್ಡ ಭಾಗ ಖಾಸಗಿ ಹಾರಾಟಕ್ಕೆ ಬಿಗಿಯಾಯಿತು, ಎಲ್ಲರಿಗೂ ತೆರೆದ ಸಣ್ಣ ಇಳಿದಾಣ ಎಂಬ ಕಲ್ಪನೆ ಬೇರೂರಲಿಲ್ಲ.

6. ಯಂತ್ರ ಕಟ್ಟಿದ ಬೆಂಗಳೂರು

ಯಂತ್ರದ ಕಥೆ ಇದಕ್ಕೆ ತದ್ವಿರುದ್ಧ. 1940ರಲ್ಲಿ ಹುಟ್ಟಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ.ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. 1958ರ ಸೆಪ್ಟೆಂಬರ್ 28ರಂದು ‘ಪುಷ್ಪಕ’ ಮೇಲೇರಿತು. ಎರಡು ಆಸನ, ಎತ್ತರದ ರೆಕ್ಕೆ, ಬಟ್ಟೆಯ ಹೊದಿಕೆ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, ಬಾಲದಡಿ ಪುಟ್ಟ ಗಾಲಿ: ಅಮೆರಿಕದ ಕಣಿವೆಗಳಲ್ಲಿ ಇಳಿಯುತ್ತಿದ್ದ ವಿಮಾನಗಳ ಮೈಕಟ್ಟೇ ಇದರದೂ. ಬಾಲದಡಿ ಗಾಲಿಯಿದ್ದರೆ ಮೂತಿ ಎತ್ತರದಲ್ಲಿದ್ದು ಪಂಖ ಕಲ್ಲುಮಣ್ಣಿಗೆ ತಾಗದು. ಒರಟು ನೆಲದ ಪೆಟ್ಟನ್ನು ಮುಂದಿನ ದೊಡ್ಡ ಗಾಲಿಗಳು ತಾಳಿಕೊಳ್ಳುತ್ತವೆ. ನೂರೈವತ್ತಕ್ಕೂ ಹೆಚ್ಚು ಪುಷ್ಪಕಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳನ್ನು ಸೇರಿದವು. ಒರಟು ನೆಲಕ್ಕೆ ಹೊಂದುವ ಆ ವಿಮಾನಗಳು ಹೆಚ್ಚಾಗಿ ಒಂದೇ ರನ್‌ವೇಯ ಸುತ್ತ ತರಬೇತಿಯಲ್ಲೇ ಸವೆದವು.

1980ರ ದಶಕದ ಉತ್ತರಾರ್ಧದಲ್ಲಿ ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿ, ಅಮೆರಿಕದ ಬರ್ಟ್ ರುಟಾನ್ ಹವ್ಯಾಸಿಗಳಿಗಾಗಿ ರೂಪಿಸಿದ ಲಾಂಗ್-ಈಜಿ ವಿಮಾನದ ಆಧಾರದ ಮೇಲೆ ಲೈಟ್ ಕೆನಾರ್ಡ್ ರಿಸರ್ಚ್ ಏರ್‌ಕ್ರಾಫ್ಟನ್ನು ಹಾರಿಸಿತು. ಮನೆ ಗ್ಯಾರೇಜುಗಳಿಗೆಂದು ಬರೆದ ನಕ್ಷೆ ಇಲ್ಲಿ ರಾಷ್ಟ್ರೀಯ ಪ್ರಯೋಗಾಲಯದ ಪಾಠವಾಯಿತು. ಗಾಜಿನ ನಾರು ಮತ್ತು ರಾಳದ ಹಗುರ ರಚನೆಯ ಆ ಅನುಭವ 1993ರ ‘ಹಂಸ’ ವಿಮಾನಕ್ಕೆ ದಾರಿಮಾಡಿತು.

ಈ ಲೇಖನಕ್ಕೆ ಅತ್ಯಂತ ಹತ್ತಿರದ ಸಾಕ್ಷ್ಯವೆಂದರೆ ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್. ಫ್ರೆಂಚ್ ಮೂಲದ ಜೋಯೆಲ್ ಕೆಕ್ಲಾಂ ಕಟ್ಟಿದ ಈ ಸಂಸ್ಥೆಯ ‘ಎಕ್ಸ್-ಏರ್’ ವಿಮಾನ, ಬೋಲ್ಟ್ ಹಾಕಿ ಜೋಡಿಸುವ ಅಲ್ಯೂಮಿನಿಯಂ ಕೊಳವೆಗಳ ಹಂದರ, ಅದರ ಮೇಲೆ ತೊಡಿಸುವ ಮೊದಲೇ ಹೊಲಿದ ಡೇಕ್ರಾನ್ ಬಟ್ಟೆ ಮತ್ತು ಹಗುರ ಎಂಜಿನ್ನಿನ ಸರಳ ರಚನೆ. ವೆಲ್ಡಿಂಗ್ ಬೇಡ, ವಿಶೇಷ ಯಂತ್ರಗಳು ಬೇಡ. ತಾಳ್ಮೆ ಮತ್ತು ಸ್ಪ್ಯಾನರ್ ಹಿಡಿಯಬಲ್ಲ ಕೈ ಸಾಕು. ಹೀಗಾಗಿ ಇದು ಕಿಟ್ ರೂಪದಲ್ಲಿ ಫ್ರಾನ್ಸ್, ಬ್ರಿಟನ್ ಮತ್ತಿತರ ದೇಶಗಳಿಗೆ ಹೋಯಿತು. ಅಲ್ಲಿನ ಹವ್ಯಾಸಿಗಳು ಬೆಂಗಳೂರಿನ ಕೊಳವೆ, ಬಟ್ಟೆಗಳನ್ನು ಜೋಡಿಸಿ ಹೊಲದಂಚಿನ ಹುಲ್ಲುಪಟ್ಟಿಗಳಿಂದ ಹಾರಿದರು. ಕನ್ನಡ ನೆಲದಲ್ಲಿ ತಯಾರಾದ ವಿಮಾನಕ್ಕೆ ಅಂಥ ಹುಲ್ಲುಪಟ್ಟಿಯ ಸುಖ ಸಿಕ್ಕಿದ್ದು ಪರದೇಶದಲ್ಲಿ.

7. ವಿಶ್ಲೇಷಣೆ: ಕೊರತೆ ಎಲ್ಲಿ?

ಸಾಹಸದ ಕೊರತೆಯೆನ್ನುವಂತಿಲ್ಲ. 1988ರಲ್ಲಿ ವಿಜಯಪತ್ ಸಿಂಘಾನಿಯಾ ಮೈಕ್ರೋಲೈಟ್ ಎಂಬ ಅತಿ ಹಗುರ ವಿಮಾನದಲ್ಲಿ ಲಂಡನ್ನಿನಿಂದ ಅಹಮದಾಬಾದಿಗೆ ಬಂದರು. 2007ರಲ್ಲಿ ವಾಯುಪಡೆಯ ರಾಹುಲ್ ಮೋಂಗಾ ಮತ್ತು ಅನಿಲ್ ಕುಮಾರ್ ಮೈಕ್ರೋಲೈಟ್‌ನಲ್ಲಿ 80 ದಿನಗಳಲ್ಲಿ ಭೂಪ್ರದಕ್ಷಿಣೆ ಮಾಡಿದರು. ಕೌಶಲದ ಕೊರತೆಯೂ ಅಲ್ಲ. ಮುಂಬೈಯ ಪೈಲಟ್ ಅಮೋಲ್ ಯಾದವ್ ವಸತಿ ಕಟ್ಟಡದ ತಾರಸಿಯ ಮೇಲೆ ಆರಾಸನದ ವಿಮಾನ ಕಟ್ಟಿದರು. ಆದರೆ ಅದಕ್ಕೆ ನೋಂದಣಿ ದೊರೆತದ್ದು ಹಲವು ವರ್ಷ ಓಡಾಡಿದ ಮೇಲೆ, 2017ರಲ್ಲಿ.

ಕೊರತೆ ಎರಡು ಕಡೆ ಇದೆ. ಮೊದಲನೆಯದು ಕಾನೂನಿನ ದೃಷ್ಟಿ. 1934ರ ವಿಮಾನ ಕಾಯ್ದೆ, 1937ರ ನಿಯಮಗಳು ವಸಾಹತು ಕಾಲದ ಆಡಳಿತ ಬರೆದವು. 2025ರ ಜನವರಿ 1ರಿಂದ ಆ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಹವ್ಯಾಸಿಯನ್ನು ಅಪವಾದವೆಂದು ನೋಡದೆ ನಾಗರಿಕನೆಂದು ನೋಡುವ ನಿಯಮಗಳು ಇನ್ನಾದರೂ ಬರಬೇಕು. ಎರಡನೆಯದು ನೆಲ. 2008ರ ಮಾರ್ಚ್‌ನಲ್ಲಿ ಹೈದರಾಬಾದಿನ ಶಂಷಾಬಾದ್ ನಿಲ್ದಾಣ ತೆರೆದು ಬೇಗಂಪೇಟೆಯ ಪ್ರಯಾಣಿಕ ಸೇವೆ ನಿಂತಿತು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ದೇವನಹಳ್ಳಿ ನಿಲ್ದಾಣ ತೆರೆದಾಗ ಅದೇ ನಗರದ ಜಕ್ಕೂರು ಇಳಿದಾಣದ ಸಣ್ಣ ವಿಮಾನಗಳ ಆಕಾಶ ಇನ್ನಷ್ಟು ಇಕ್ಕಟ್ಟಾಯಿತು. ದೊಡ್ಡ ನಿಲ್ದಾಣಗಳಿಗೆ ಯೋಜನೆಯಿತ್ತು, ಸಣ್ಣವುಗಳಿಗೆ ವಾರಸುದಾರರಿರಲಿಲ್ಲ.

8. ಉಪಸಂಹಾರ

ಕಲಬುರಗಿಯಲ್ಲಿ 2019ರಲ್ಲಿ, ಬೀದರಿನಲ್ಲಿ 2020ರಲ್ಲಿ ಪ್ರಯಾಣಿಕ ವಿಮಾನ ಸೇವೆ ಆರಂಭವಾದದ್ದು ಸಂತೋಷದ ಸಂಗತಿ. ಆದರೆ ಪ್ರಯಾಣಿಕ ಸೇವೆಯೊಂದರಿಂದಲೇ ಹಾರಾಟದ ಸಂಸ್ಕೃತಿ ಹುಟ್ಟುವುದಿಲ್ಲ. ತಾನೇ ಕಟ್ಟಿ, ತಾನೇ ಹಾರಿಸಿ, ನೆಲ, ಗಾಳಿ, ಮಳೆಗಳನ್ನು ಓದಲು ಕಲಿತ ನಾಗರಿಕರಿಂದ ಅದು ಹುಟ್ಟುತ್ತದೆ. ಅಂಥವರಲ್ಲೇ ಒಳ್ಳೆಯ ವಿನ್ಯಾಸಕಾರರೂ ಪೈಲಟ್‌ಗಳೂ ರೂಪುಗೊಳ್ಳುತ್ತಾರೆ ಎಂಬುದಕ್ಕೆ, ಹವ್ಯಾಸಿಗಳಿಗೆಂದು ಬರೆದ ನಕ್ಷೆಯಿಂದ ‘ಹಂಸ’ದವರೆಗಿನ ದಾರಿಯೇ ಪುರಾವೆ.

ಮೊದಲು ಆಗಬೇಕಾದ ಕೆಲಸ ದಾಖಲೆಯದು. ಹಳೆಯ ಹೈದರಾಬಾದ್, ಮೈಸೂರು ಸಂಸ್ಥಾನಗಳಲ್ಲಿ, ಮದ್ರಾಸ್ ಪ್ರಾಂತ್ಯದಲ್ಲಿ ವಿಮಾನ ಇಳಿದ ಬಯಲುಗಳನ್ನು ಕಂದಾಯ ನಕ್ಷೆಗಳಲ್ಲಿ, ರೈಲ್ವೆ ಹಾಗೂ ಟಪಾಲು ಕಡತಗಳಲ್ಲಿ ಹುಡುಕಿ ಪಟ್ಟಿ ಮಾಡಬೇಕು. ಊರ ಹಿರಿಯರ ನೆನಪುಗಳನ್ನು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬರೆದಿಡಬೇಕು. ಮೂರು ಭಾಷೆಗಳನ್ನೂ ಬಲ್ಲ ಕಾಚಿಗೂಡದ ಕನ್ನಡಿಗರಿಗೆ ಇದು ಹೇಳಿ ಮಾಡಿಸಿದ ಕೆಲಸ. ಹಾಗೆ ಸಿಕ್ಕ ಬಯಲುಗಳಲ್ಲಿ ರಕ್ಷಣೆಗೂ ಬೇಸಾಯಕ್ಕೂ ತೊಡಕಾಗದ ಕೆಲವನ್ನಾದರೂ ಐಡಾಹೊ ಮಾದರಿಯಲ್ಲಿ ಕಾನೂನಿನ ಆಸರೆಯೊಡನೆ ಉಳಿಸಬೇಕು. ವಿಮಾನ ಕಟ್ಟುವುದನ್ನು ಈ ನಾಡು ಎಪ್ಪತ್ತು ವರ್ಷಗಳ ಹಿಂದೆಯೇ ಕಲಿತಿದೆ. ಅದು ಇಳಿಯಲು ಜಾಗ ಕೊಡುವುದು ಇನ್ನು ನಮ್ಮ ಹೊಣೆ.